ಎಡಗೈಯವಳ ಬಿಲ್ಲು

ಮೊಸಳೆ ಎಂಬ ಊರಿನ ಬೆಳ್ಳಮ್ಮನಿಗೆ ಸೊಸೆ ಯಮುನಾಳ ಮೇಲೆ ಇದ್ದದ್ದು ಒಂದೇ ದೂರು: ಅವಳು ಎಡಚಿ. ಕುಡುಗೋಲಿಗೂ ಎಡಗೈ, ಸೌಟಿಗೂ ಎಡಗೈ. ನೆಂಟರ ಮದುವೆಯ ಪಂಕ್ತಿಯಲ್ಲಿ ಎಡಗೈಯಿಂದ ಪಾಯಸ ಬಡಿಸಿದಳೆಂದು ಅತ್ತೆ ಎಲ್ಲರೆದುರೇ ಸೌಟು ಕಿತ್ತುಕೊಂಡಿದ್ದಳು. ಹದಿನಾಲ್ಕು ವರ್ಷವಾದರೂ ಆ ಅವಮಾನ ಆರಿರಲಿಲ್ಲ. ಅಲ್ಲಿಂದಾಚೆ ನಾಲ್ಕು ಜನರ ಎದುರು ಯಮುನಾಳ ಎಡಗೈ ಸೆರಗಿನೊಳಗೇ ಇರುತ್ತಿತ್ತು.

ಅಂಥವಳು ಬಿಲ್ಲು ಹಿಡಿದದ್ದು ಹಾಲಿನ ದೆಸೆಯಿಂದ. ಹಾಸನದಲ್ಲಿ ಬಿಲ್ಲುಗಾರಿಕೆ ಕಲಿಸುವ ರವೀಂದ್ರ ಮೇಷ್ಟ್ರಿಗೆ ಹಾಲು ಕೊಡಲು ಹೋದವಳು, ಮೈದಾನದಲ್ಲಿ ನಿಂತು ನೋಡಿ, "ನಾನೂ ಒಂದ್ ಬಿಡ್ಲಾ ಸಾ?" ಎಂದಳು. ಬಿಟ್ಟಳು, ಹುಚ್ಚು ಹತ್ತಿತು. ಆದರೆ ಅಲ್ಲಿದ್ದವೆಲ್ಲ ಬಲಗೈಯವರ ಬಿಲ್ಲು. ತಾನು ಎಡಚಿ ಎಂದು ಹೇಳಲು ನಾಚಿಕೆ. ಎಂಟು ತಿಂಗಳು ಅವಳ ಬಾಣ ಗುರಿಯೊಂದನ್ನು ಬಿಟ್ಟು ಊರೆಲ್ಲ ಸುತ್ತಿತು.

ಅಷ್ಟರಲ್ಲಿ ಚನ್ನರಾಯಪಟ್ಟಣದ ಪಂದ್ಯದ ಸುದ್ದಿ ಬಂತು. ಗೆದ್ದ ಮೂವರಿಗೆ ಜಿಲ್ಲಾ ತಂಡದಲ್ಲಿ ಜಾಗ, ಆದರೆ ಬಿಲ್ಲು ಸ್ವಂತದ್ದಿರಬೇಕು. ಡೇರಿ ಬೋನಸ್ ಬಂದ ದಿನವೇ ಯಮುನಾ ಗಂಡ ಮಧುಕುಮಾರನನ್ನು ಎಳೆದುಕೊಂಡು ಹಾಸನದ ಅಂಗಡಿಗೆ ಹೋದಳು. ಅಂಗಡಿಯ ಅಮರನಾಥ ತೋರಿಸಿದ, ತುದಿ ಹೊರಕ್ಕೆ ಬಾಗಿದ ರಿಕರ್ವ್ ಬಿಲ್ಲುಗಳ ಬೆಲೆ ಕೇಳಿಯೇ ಮಧುಕುಮಾರ ಬೆವರಿದ. ಮೇಲಿನ ಹಲಗೆಯಲ್ಲಿ ಧೂಳು ಹಿಡಿದ ಪೆಟ್ಟಿಗೆಯೊಂದಿತ್ತು.

"ಅದು ಎಡಗೈನವರ್ದು ಮೇಡಂ. ಆರ್ಡರ್ ತಪ್ಪಿ ಬಂದಿದ್ದು. ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ. ಅರ್ಧ ಬೆಲೆಗೆ ಕೊಟ್ಬಿಡ್ತೀನಿ."

"ಬ್ಯಾಡ ಕಣೇ," ಎಂದ ಮಧುಕುಮಾರ. "ನಾಳೆ ಮಾರಾಕ್ ಹೋದ್ರೆ ಯಾರ್ ತಗತಾರೆ?" ಹಸು ಕೊಳ್ಳುವಾಗಲೂ ಅವನಿಗೆ ಮಾರುವ ಚಿಂತೆಯೇ ಮೊದಲು.

ಯಮುನಾ ಆ ಬಿಲ್ಲನ್ನು ಇಳಿಸಿಕೊಂಡು ಬಲಗೈಯಲ್ಲಿ ಹಿಡಿದು ಎಡಗೈಯಿಂದ ದಾರ ಎಳೆದಳು. ಬೆಣ್ಣೆಯಿಂದ ಕೂದಲು ತೆಗೆದಂತೆ ದಾರ ಗಲ್ಲದವರೆಗೆ ಬಂತು. ಅವಳ ಕಣ್ಣು ತುಂಬಿತು.

"ನಾನ್ ಎಡಚಿ ಅಣ್ಣಾ," ಎಂದಳು ಗಟ್ಟಿಯಾಗಿ. "ಇದ್ನೇ ಕೊಡಿ."

ಮರುದಿನ ಮೇಷ್ಟ್ರು ಹಣೆ ಚಚ್ಚಿಕೊಂಡರು. "ಇಷ್ಟು ದಿನ ಬಾಯಲ್ಲಿ ಕಡುಬು ಇಟ್ಕೊಂಡಿದ್ಯೇನಮ್ಮ? ಈ ಬಿಲ್ಲು ಎಳೆಯೋಕೆ ಹಗುರ, ನಿನಗೆ ಹೇಳಿ ಮಾಡಿಸಿದಂಗಿದೆ. ಮುಂದೆ ಗಟ್ಟಿ ಬೇಕು ಅಂದ್ರೆ ಮೇಲೊಂದು ಕೆಳಗೊಂದು ಬಾಗೋ ಈ ಎರಡು ರೆಕ್ಕೆ ಬದಲಾಯಿಸಿದ್ರಾಯ್ತು." ಎರಡು ತಿಂಗಳು ದಿನವೂ ಹಾಲು ಕರೆದ ಮೇಲೆ ಅಭ್ಯಾಸ. ಬಾಣಗಳು ಒಂದೊಂದಾಗಿ ಊರು ಸುತ್ತುವುದನ್ನು ಬಿಟ್ಟು ಗುರಿಯ ನಡುವಿನ ಹಳದಿ ವೃತ್ತದ ದಾರಿ ಕಲಿತವು.

ಪಂದ್ಯಕ್ಕೆ ಬೆಳ್ಳಮ್ಮನೂ ಬಂದಳು. ಬೈಯಲಾದರೂ ಒಬ್ಬರು ಜೊತೆಗಿರಬೇಕಲ್ಲ! ಕೊನೆಯ ಬಾಣಕ್ಕೆ ಮುಂಚೆ ಯಮುನಾ ನಾಲ್ಕನೆಯ ಸ್ಥಾನದಲ್ಲಿದ್ದಳು. ಉಸಿರು ಹಿಡಿದಳು, ದಾರ ಬಿಟ್ಟಳು. ಬಾಣ ಹಳದಿಯ ನಟ್ಟನಡುವೆ ನಾಟಿತು. ಎರಡನೆಯ ಸ್ಥಾನ! ಮಧುಕುಮಾರ ಕುಣಿದ ಕುಣಿತಕ್ಕೆ ಪಕ್ಕದವರು ಜಾಗ ಬಿಟ್ಟುಕೊಟ್ಟರು.

ವೇದಿಕೆಯಲ್ಲಿ ಟ್ರೋಫಿ ಮುಂದೆ ಬಂದಾಗ ಬಲಗೈಯಲ್ಲಿ ಬಿಲ್ಲಿತ್ತು. ಯಮುನಾ ಗಡಿಬಿಡಿಯಿಂದ ಕೈ ಬದಲಾಯಿಸಲು ಹೋದಳು. ಆಗ ಜನರ ನಡುವಿನಿಂದ ಬೆಳ್ಳಮ್ಮ ಕೂಗಿದಳು:

"ಎಡಗೈಲೇ ಈಸ್ಕೊಳೇ ಯಮುನಾ! ಗೆದ್ದಿದ್ದು ಆ ಕೈಯೇ ಕಣವ್ವಾ!"

ಯಮುನಾ ಎಡಗೈ ನೀಡಿ ಟ್ರೋಫಿ ತೆಗೆದುಕೊಂಡಳು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.