ಬೆನ್ನು ನೋಡಲು ಬರುತ್ತಿದ್ದ ತಾಯಿ

ನರ್ಸಿಂಗ್ ಓದು ಮುಗಿಸಿ ಹುಬ್ಬಳ್ಳಿಯಿಂದ ಗುತ್ತಲಕ್ಕೆ ಮರಳಿದಾಗ ಊರಿನಲ್ಲಿ ನನಗೆ ಮಾಡಲು ಏನೂ ಇರಲಿಲ್ಲ. ಅಬ್ಬಾ ಪೇಟೆಯ ಮೂಲೆಯಲ್ಲಿ ಹತ್ತಿ ಹಿಂಜಿ ಗಾದಿ ಕಟ್ಟುತ್ತಿದ್ದರು. ಅವರ ಹುಬ್ಬು, ಮೀಸೆ, ಅಂಗಿಯ ತೋಳು ಹತ್ತಿಯ ಎಳೆ ಅಂಟಿ ಯಾವಾಗಲೂ ಬೆಳ್ಳಗಿರುತ್ತಿದ್ದವು. ಗಾದಿ ಒಯ್ಯಲು ಬಂದವರಿಗೆಲ್ಲ, "ನಮ್ಮ ಹುಡುಗಿ ನರ್ಸ್ ಆಗ್ಯಾಳ್ರಿ" ಎಂದು ತಾವಾಗಿಯೇ ಹೇಳುವರು. ಬಂದವರು, "ಹೌದಾ? ಎಲ್ಲಿ ನೌಕರಿ?" ಎಂದು ಕೇಳುವರು. ಆಗ ಅಬ್ಬಾ ಮತ್ತೆ ಹಿಂಜುವ ಬಿಲ್ಲು ಹಿಡಿದು ಹತ್ತಿ ಬಡಿಯಲು ಶುರು ಮಾಡುವರು.

ಅದು ತೊಂಬತ್ತರ ದಶಕದ ಆರಂಭ. ನಾನು ಮೊದಲು ಹಾವೇರಿಗೆ ಹೋದೆ. ಅಲ್ಲಿನ ಡಾಕ್ಟರೊಬ್ಬರು ನನ್ನ ಸರ್ಟಿಫಿಕೇಟನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ, "ಅನುಭವ ಇದ್ದಾಕಿ ಬೇಕವಾ. ಇಲ್ಲಿ ಕಲಿಸಿಕೋತ ಕುಂದ್ರಾಕ ನಮಗ ಪುರಸೊತ್ತಿಲ್ಲ" ಎಂದರು. ಯಾರೂ ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅಲ್ಲಿಂದ ರಾಣೆಬೆನ್ನೂರಿಗೆ ಹೋಗಿ, ಸ್ಟೇಷನ್ನಿನ ಹಿಂದಿದ್ದ ಖಾಲಾನ ಮನೆಯಲ್ಲಿ ಉಳಿದೆ. ಅಮ್ಮನ ತಂಗಿ ಅವಳು. ಬೆಳಿಗ್ಗೆ ಎದ್ದು, ಅವಳು ಕಟ್ಟಿಕೊಟ್ಟ ರೊಟ್ಟಿ ಚೀಲಕ್ಕೆ ಹಾಕಿಕೊಂಡು ಒಂದೊಂದೇ ದವಾಖಾನೆಯ ಮೆಟ್ಟಿಲು ಹತ್ತುತ್ತಿದ್ದೆ. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಕುಳಿತುಕೊಳ್ಳಲು ಹೇಳಿದರು. ಅಲ್ಲಿಯೇ ಇದ್ದ ರೋಗಿಯೊಬ್ಬರ ಬಿ.ಪಿ. ನೋಡಿಸಿ, "ಕೈ ನಡುಗಂಗಿಲ್ಲ ನಿಂದು" ಎಂದರು. ಆಮೇಲೆ, "ಬ್ಯಾಡಗಿಯೊಳಗ ನಮ್ಮ ಪರಿಚಯದವರ ಹೆರಿಗಿ ದವಾಖಾನಿ ಐತಿ. ಅಲ್ಲೆ ಒಂದ್ ಜಾಗಾ ಖಾಲಿ ಆಗೇತಿ. ಲಗೂ ಹೋಗು" ಎಂದರು.

ಹೇಗೆ ಖಾಲಿಯಾಯಿತು ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಯಾರೋ ಮದುವೆಯಾಗಿ ಹೋಗಿರಬೇಕು ಅಂದುಕೊಂಡೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಹಂಗಾಮು. ರೈಲಿನಿಂದ ಇಳಿಯುವ ಮೊದಲೇ ಸೀನು ಶುರುವಾಗಿತ್ತು. ಊರ ಸುತ್ತಲ ಬಯಲೆಲ್ಲ ಕೆಂಪಗೆ ಹರಡಿತ್ತು, ಹೆಂಗಸರು ಬಾಯಿಗೆ ಸೆರಗು ಸುತ್ತಿಕೊಂಡು ಕಾಯಿಯ ತೊಟ್ಟು ಮುರಿಯುತ್ತಿದ್ದರು. ದವಾಖಾನೆಯ ಡಾಕ್ಟರಬಾಯಿ ಮಾತು ಕಡಿಮೆ. ನನ್ನನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಂತರ ಒಳಗಿನಿಂದ ಒಗೆದು ಇಸ್ತ್ರಿ ಮಾಡಿದ ಎರಡು ಬಿಳಿ ಸೀರೆ, ಎರಡು ಜಂಪರು ತಂದು ಕೊಟ್ಟು, "ನಿನಗ ಹೊಸಾವು ಬರೂತನ ಇವನ್ನ ಉಟ್ಕೋ" ಎಂದರು.

ಮೇಲಿನ ಕೋಣೆ ನನ್ನದಾಯಿತು. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಜಂಪರು ತೊಟ್ಟು ನೋಡಿದೆ. ತೋಳು, ಹೆಗಲು, ಎದೆ ಎಲ್ಲೂ ಒಂದು ನೂಲಿನಷ್ಟು ಹೆಚ್ಚು ಕಡಿಮೆ ಇಲ್ಲ. ನಮ್ಮೂರಿನ ದರ್ಜಿ ಅಳತೆ ತೆಗೆದು ಹೊಲಿದ ಜಂಪರೂ ನನಗೆ ಹಾಗೆ ಕುಳಿತದ್ದಿಲ್ಲ. ಖುಷಿಯಾಗಬೇಕಿತ್ತು. ಯಾಕೋ ಬೇಗ ಬಿಚ್ಚಿಬಿಟ್ಟೆ.

ಕೆಲಸ ಹಿಡಿದ ಮೊದಲ ವಾರವೇ ಜನ ನನ್ನನ್ನು ನೋಡಿ ತಡೆದು ನಿಲ್ಲುವುದು ಗಮನಕ್ಕೆ ಬಂತು. ವರಾಂಡದಲ್ಲಿ ಹಿಂದಿನಿಂದ ಬಂದವರು ಲವಲವಿಕೆಯಿಂದ "ನರ್ಸಬಾಯಿ" ಎಂದು ಕೂಗುವರು. ನಾನು ತಿರುಗಿದೊಡನೆ ಅವರ ಮುಖ ಇಳಿಯುವುದು. ಒಬ್ಬಳು ಹೆರಿಗೆಯ ನೋವಿನಲ್ಲಿ ನನ್ನ ಮಣಿಕಟ್ಟು ಹಿಡಿದು, ಅರೆಗಣ್ಣಿನಲ್ಲಿ, "ಯಕ್ಕಾ, ನೀ ಹೋಗಿದ್ದೆಲ್ಲಾ... ಯಾವಾಗ ಬಂದಿ?" ಎಂದಳು. ಕೂಸು ಹುಟ್ಟಿದ ಮೇಲೆ ಅವಳಿಗೆ ಅದರ ನೆನಪಿರಲಿಲ್ಲ. ನಾನು ಮಾತ್ರ ಕೈ ತೊಳೆಯುವಾಗ ಮಣಿಕಟ್ಟಿನ ಮೇಲೆ ಮೂಡಿದ್ದ ಅವಳ ಬೆರಳ ಗುರುತು ನೋಡುತ್ತ ನಿಂತೆ.

ಸಂತೆಯ ದಿನ ಆ ಹೆಂಗಸು ಬಂದಳು. ಅಮ್ಮನಿಗಿಂತ ಹಿರಿಯಳು. ಇಳಕಲ್ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಚೀಟಿ ಮಾಡಿಸಲಿಲ್ಲ, ಯಾರನ್ನೂ ಕೇಳಲಿಲ್ಲ. ವರಾಂಡದ ಬೆಂಚಿನ ಮೇಲೆ ಕುಳಿತು ನಾನು ಓಡಾಡುವುದನ್ನು ನೋಡತೊಡಗಿದಳು. ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೂ ಕುಳಿತೇ ಇದ್ದಳು. ಹತ್ತಿರ ಹೋಗಿ, "ಯಾರನ್ನ ತೋರಸಬೇಕಿತ್ರಿ?" ಎಂದು ಕೇಳಿದೆ.

ಅವಳು ಕಣ್ಣು ಬೇರೆ ಕಡೆ ತಿರುಗಿಸಿದಳು. "ಏನಿಲ್ಲವಾ. ಒಂದೀಟು ಆ ಕಡೆ ಹೊಳ್ಳಿ ನಿಂದ್ರತೀಯೇನು?"

"ಯಾಕ್ರಿ?"

"ಮುಖ ಬ್ಯಾಡವಾ. ಬೆನ್ನ ತೋರ್ಸು, ಸಾಕು."

ಯಾಕೆ ಎಂದು ಮತ್ತೆ ಕೇಳಲಾಗಲಿಲ್ಲ, ಅವಳ ದನಿ ಹಾಗಿತ್ತು. ಗೋಡೆಯ ಕಡೆ ತಿರುಗಿ ನಿಂತೆ. ಹಿಂದೆ ಅವಳ ಉಸಿರಾಟ ಕೇಳುತ್ತಿತ್ತು. ಹೊರಗೆ ಮೆಣಸಿನಕಾಯಿಯ ಗಾಡಿಗಳು ಹೋಗುತ್ತಿದ್ದವು. ನಾನು ತಿರುಗಿದಾಗ ಬೆಂಚು ಖಾಲಿಯಾಗಿತ್ತು.

ಆಯಾಳ ಬಳಿ ಓಡಿದೆ. ನಮ್ಮ ಆಯಾ ಬಾಣಂತಿಯರ ಬಟ್ಟೆ ಹಿಂಡುತ್ತಿದ್ದಳು. ಆ ಹೆಂಗಸು ಯಾರೆಂದು ಕೇಳಿದೆ. ಅವಳು ಬಟ್ಟೆ ಕೆಳಗಿಟ್ಟು ಹೇಳಿದಳು.

"ನಿನಗಿಂತ ಮೊದಲಿದ್ದಾಕಿ ಆಕಿ ಮಗಳು. ಮೇಡ್ಲೇರಿ ಕಡೇರು. ಹೊಲಾ ಮನಿ ಛಲೋ ಐತಿ, ಆದರೂ ಹುಡುಗಿ ಹಟಾ ಮಾಡಿ ನರ್ಸ್ ಆಗಿದ್ಳು. ಸೂಜಿ ತೊಳ್ಯಾಗ ಬೆರಳಿಗೆ ಚುಚ್ಚಿತಂತ. ಆವಾಗ ಯಾರ ಮುಂದೂ ಅನಲಿಲ್ಲ. ಮುಂದ ಕಾಮಣಿ ಆತು. ಕಣ್ಣು ಹಳದಿ ಆದ ಮ್ಯಾಲೆ ನಮಗ ಗೊತ್ತಾತು. ಹುಬ್ಬಳ್ಳಿಗೆ ಒಯ್ದ್ರು. ಹೊಳ್ಳಿ ಬರಲಿಲ್ಲ."

"ಈ ಸೀರಿ?"

ಆಯಾ ನನ್ನ ಮುಖ ನೋಡಲಿಲ್ಲ. "ಆಕಿವ" ಎಂದಳು.

ಅಂದು ಸಂಜೆ ನಾನು ಡಾಕ್ಟರಬಾಯಿಯ ಎದುರು ನಿಂತೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಕುರ್ಚಿಗೆ ಒರಗಿ, "ಹೇಳಿದ್ರ ನೀ ನಿಲ್ಲತಿದ್ದಿಲ್ಲ" ಎಂದರು. ಆಮೇಲೆ, "ಆಕಿ ಜಾಗಾದಾಗ ಯಾರರ ಅಡ್ಡಾಡಲಿಲ್ಲಂದ್ರ ನನಗ ಇಲ್ಲಿ ಕುಂದ್ರಾಕ ಆಗತಿದ್ದಿಲ್ಲ" ಎಂದರು. ಅವರು ಅಳುತ್ತಾರೆ ಅನ್ನಿಸಿತು. ಅಳಲಿಲ್ಲ. ಮರುದಿನವೇ ಹೊಸ ಸೀರೆ ತರಿಸಿಕೊಟ್ಟರು.

ಕೆಲಸ ಬಿಟ್ಟು ಹೋಗಬಹುದಿತ್ತು. ರಾಣೆಬೆನ್ನೂರಿನ ಆ ಮೆಟ್ಟಿಲುಗಳು ನೆನಪಾದವು. ಗಾದಿ ಒಯ್ಯಲು ಬಂದವರಿಗೆ ಅಬ್ಬಾ ಈಗ "ಬ್ಯಾಡಗಿಯೊಳಗ" ಎಂದು ಗಟ್ಟಿಯಾಗಿ ಹೇಳುತ್ತಿದ್ದಾರೆಂದು ಅಮ್ಮ ತಿಳಿಸಿದ್ದಳು. ಉಳಿದೆ.

ಆ ತಾಯಿ ಪ್ರತಿ ಸಂತೆಗೂ ಬರುತ್ತಿದ್ದಳು. ಮೇಡ್ಲೇರಿ ಕಡೆಯಿಂದ ರಾಣೆಬೆನ್ನೂರು, ಅಲ್ಲಿ ಬಸ್ಸು ಬದಲಿಸಿ ಬ್ಯಾಡಗಿ. ಬೆಂಚಿನ ಮೇಲೆ ಕುಳಿತು ನೋಡಿ ಎದ್ದು ಹೋಗುವಳು. ನನಗೆ ಹೊಸ ಸೀರೆಗಳಿದ್ದರೂ ಸಂತೆಯ ದಿನ ಹಳೆಯದನ್ನೇ ಉಡುತ್ತಿದ್ದೆ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಅವಳು ಬಾಗಿಲಲ್ಲಿ ಕಾಣಿಸಿದ ಕೂಡಲೇ ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದೆ. ಬರಬರುತ್ತ ನನ್ನ ನಡಿಗೆ ನನ್ನದೋ ಅಲ್ಲವೋ ಎಂಬ ಗೊಂದಲ ಶುರುವಾಯಿತು. ಕೋಣೆಯಲ್ಲಿ ಒಬ್ಬಳೇ ಕೂದಲು ಬಾಚುವಾಗಲೂ ಹಿಂದೆ ಯಾರೋ ಕುಳಿತು ನೋಡುತ್ತಿದ್ದಂತೆ ಬೆನ್ನು ಬೆಚ್ಚಗಾಗುತ್ತಿತ್ತು. ಇವಳಷ್ಟು ಎತ್ತರ, ಇವಳಷ್ಟು ಅಗಲ ಇದ್ದ ಒಬ್ಬಳು ಇದೇ ಕಿಟಕಿಯಲ್ಲಿ ನಿಂತಿದ್ದಳು ಎಂದು ನನ್ನನ್ನೇ ನಾನು ಬೇರೆಯವಳಂತೆ ನೋಡಿಕೊಳ್ಳುತ್ತಿದ್ದೆ.

ಆಗೆಲ್ಲ ಗಾಜಿನ ಸಿರಿಂಜು. ಸೂಜಿಯೊಳಗೆ ತೆಳು ತಂತಿ ತೂರಿಸಿ ತೊಳೆದು, ಕುದಿಸಿ, ಮತ್ತೆ ಅದನ್ನೇ ಬಳಸಬೇಕು. ನಾನು ಎಷ್ಟು ಎಚ್ಚರದಿಂದ ತೊಳೆಯುತ್ತಿದ್ದೆನೆಂದರೆ ಆಯಾ ನಗುತ್ತಿದ್ದಳು. ಆ ಅತಿ ಎಚ್ಚರವೇ ಕಾರಣವಿರಬೇಕು, ಒಂದು ಮಧ್ಯಾಹ್ನ ಹೊರಗೆ ಯಾರೋ ಕೂಗಿದ್ದಕ್ಕೆ ಬೆಚ್ಚಿದೆ. ಸೂಜಿ ಹೆಬ್ಬೆರಳಿಗೆ ಇಳಿಯಿತು. ಒಂದು ಹನಿ ರಕ್ತ, ಸಾಸಿವೆಯಷ್ಟು.

ಡಾಕ್ಟರಬಾಯಿಗೆ ಹೇಳಿದೆ. ಅವರು ನಲ್ಲಿಯ ಕೆಳಗೆ ನನ್ನ ಬೆರಳು ಹಿಡಿದು ಸಾಬೂನು ಹಚ್ಚಿ ತೊಳೆದರು, ಮತ್ತೆ ಹಚ್ಚಿ ಮತ್ತೆ ತೊಳೆದರು. "ಎಲ್ಲಾ ಸೂಜಿಯೊಳಗೂ ರೋಗ ಇರಂಗಿಲ್ಲ. ಕಾಯೂದ, ಬ್ಯಾರೆ ದಾರಿಯಿಲ್ಲ" ಎಂದರು. ಕಾಮಣಿ ತಿಂಗಳುಗಟ್ಟಲೆ ಅಡಗಿ ಕುಳಿತು ಬರಬಹುದೆಂದು ಓದಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಅಂಕವೂ ಬಂದಿತ್ತು.

ಅಂದಿನಿಂದ ಕನ್ನಡಿ ಬಿಟ್ಟು ಬೇರೇನೂ ಬೇಡವಾಯಿತು. ಎದ್ದ ಕೂಡಲೇ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವೆ. ಸಾರಿನ ಅರಿಸಿನ ಉಗುರಿಗೆ ಹತ್ತಿದರೆ ಬಣ್ಣ ಬಿಡುವವರೆಗೆ ಉಜ್ಜಿ ತೊಳೆಯುವೆ. ಊಟ ಸೇರುತ್ತಿರಲಿಲ್ಲ, ಊಟ ಸೇರದಿರುವುದೂ ಆ ರೋಗದ ಲಕ್ಷಣ. ಊರಿಗೆ ಹೇಳಿ ಕಳಿಸಲಿಲ್ಲ. ಅಮ್ಮ ಹೆದರುತ್ತಾಳೆ ಅಂದುಕೊಂಡೆ.

ಸಂತೆ ಬಂತು. ಅವಳು ಬೆಂಚಿನ ಮೇಲೆ ಕುಳಿತಳು. ನಾನು ಎಂದಿನಂತೆ ಬೆನ್ನು ತಿರುಗಿಸಿ ಔಷಧದ ಬಾಟಲಿ ಜೋಡಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ನನ್ನ ಭುಜದ ಮೇಲೆ ಕೈ ಬಿತ್ತು. ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಈ ಕಡೆ ಹೊಳ್ಳು" ಎಂದಳು. ತಿರುಗಿದೆ. ನನ್ನ ಮುಖವನ್ನು ಸರಿಯಾಗಿ ನೋಡಿದ್ದೂ ಅಂದೇ. "ಏನಾಗೇತಿ ನಿನಗ? ಹೆಗಲು ಬಿದ್ದಾವು. ಆಕೀವೂ ಹಿಂಗ ಬಿದ್ದಿದ್ವು. ನನಗ ತಿಳೀಲಿಲ್ಲ."

ಸೂಜಿ ಚುಚ್ಚಿತೆಂದು ಹೆಬ್ಬೆರಳು ತೋರಿಸಿದೆ. ಗಾಯ ಯಾವಾಗಲೋ ಮಾಯ್ದು ಗುರುತೂ ಇರಲಿಲ್ಲ. ಅವಳು ಆ ಬೆರಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡಳು.

"ನಿಮ್ಮವ್ವಗ ಹೇಳೀಯೇನು?"

ಇಲ್ಲ ಎಂದು ತಲೆಯಾಡಿಸಿದೆ.

"ಚೀಲಾ ತಗೋ. ನಡಿ" ಎಂದಳು. ಡಾಕ್ಟರಬಾಯಿಗೆ ತಾನೇ ಹೋಗಿ ಹೇಳಿ ಬಂದಳು.

ಬ್ಯಾಡಗಿಯಿಂದ ಹಾವೇರಿ, ಹಾವೇರಿಯಿಂದ ಗುತ್ತಲ. ಬಸ್ಸಿನಲ್ಲಿ ಅವಳು ಮಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಬೆರಳನ್ನು ಮಾತ್ರ ಬಿಡಲಿಲ್ಲ. ನಾವು ಇಳಿದು ಹೋದಾಗ ಅಬ್ಬಾ ಹತ್ತಿ ಬಡಿಯುತ್ತಿದ್ದರು. ಗುರುತಿಲ್ಲದ ಹೆಂಗಸಿನ ಜತೆ ನನ್ನನ್ನು ಕಂಡು ಬಿಲ್ಲು ಕೆಳಗಿಟ್ಟು ಎದ್ದರು. ಅಮ್ಮ ನೀರು ತಂದು ಕೊಟ್ಟಳು. ಅವಳು ಕುಡಿದು, ನೆಲದ ಮೇಲೆ ಕುಳಿತು, ಎಲ್ಲವನ್ನೂ ತಾನೇ ಹೇಳಿದಳು. ಕೊನೆಗೆ, "ನನ್ನ ಮಗಳು ನನಗ ಹೇಳಲಿಲ್ರಿ. ಅವ್ವ ಹೆದರ್ತಾಳಂತ ಮುಚ್ಚಿಟ್ಳು. ನಿಮ್ಮಾಕಿ ನನಗರ ಹೇಳ್ಯಾಳ. ಬಯ್ಯಬ್ಯಾಡ್ರಿ" ಎಂದಳು.

ಅಮ್ಮ ನನ್ನನ್ನು ಎಳೆದು ತಬ್ಬಿಕೊಂಡಳು. ಅಬ್ಬಾ ತೋಳಿನ ಹತ್ತಿ ಕೊಡವಿ, "ಸಾಕು ಬೇಟಿ. ನೌಕರಿ ಬ್ಯಾಡ" ಎಂದರು.

ಅವಳು ಅಡ್ಡ ಬಂದಳು. "ಬಿಡಸಬ್ಯಾಡ್ರಿ ಅಣ್ಣಾರ. ಮನ್ಯಾಗ ಕುಂದ್ರಿಸಿದ್ರ ದಿನಾ ಕನ್ನಡಿ ನೋಡಕೋತ ಕುಂದರತಾಳ. ನಾಕ್ ದಿನಾ ನಿಮ್ಮ ಹಂತೇಕ ಇಟ್ಕೊಂಡು ಕಳಸ್ರಿ." ಆಮೇಲೆ ನನ್ನ ಕಡೆ ತಿರುಗಿದಳು. "ನಮ್ಮಾಕಿ ಸೀರಿ ನನಗ ಕೊಟ್ಟಬಿಡು. ನಾ ಬಂದ್ ಬಂದ್ ನಿನ್ನ ಅದರಾಗ ನಿಂದ್ರಿಸಿದೆ. ತಪ್ಪಾತು."

ಮೈಮೇಲಿನದು ಅದೇ ಸೀರೆ. ಒಳಗೆ ಹೋಗಿ ಅಮ್ಮನ ಸೀರೆ ಉಟ್ಟು ಬಂದು, ಬಿಳಿಯದನ್ನು ಮಡಚಿ ಕೊಟ್ಟೆ. ಇನ್ನೊಂದು ಚೀಲದಲ್ಲಿತ್ತು, ಅದನ್ನೂ ಕೊಟ್ಟೆ. ಅವಳು ಮೂಸಿ ನೋಡಿದಳು. ಅದರಲ್ಲಿ ಈಗ ನನ್ನ ವಾಸನೆಯೇ ಇದ್ದಿರಬೇಕು. ಎರಡನ್ನೂ ಚೀಲಕ್ಕಿಟ್ಟುಕೊಂಡು ಕೊನೆಯ ಬಸ್ಸು ತಪ್ಪೀತೆಂದು ಎದ್ದು ಹೋದಳು.

ಬ್ಯಾಡಗಿಗೆ ಮರಳಿದೆ. ಅವಳು ಮತ್ತೆ ಬರಲಿಲ್ಲ. ಬೆಂಚಿನ ಮೇಲೆ ಬೇರೆಯವರು ಕುಳಿತರು. ಮೆಣಸಿನಕಾಯಿಯ ಹಂಗಾಮು ಮುಗಿದು ಮಳೆ ಬಂತು, ಮಳೆಯೂ ಕಳೆಯಿತು. ನನ್ನ ಕಣ್ಣು ಬೆಳ್ಳಗೇ ಉಳಿಯಿತು. ಡಾಕ್ಟರಬಾಯಿ ನನ್ನ ರಕ್ತವನ್ನು ಹುಬ್ಬಳ್ಳಿಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಏನೂ ಇಲ್ಲವೆಂದು ಬಂತು. ಅಂದು ಅವರು ಬಾಗಿಲು ಹಾಕಿಕೊಂಡು ಅತ್ತದ್ದು ಆಯಾಗೂ ನನಗೂ ಕೇಳಿಸಿತು.

ಕೆಲವು ವರ್ಷಗಳ ನಂತರ ಹಾವೇರಿಯ ಸರಕಾರಿ ಆಸ್ಪತ್ರೆಯಲ್ಲಿ ನನಗೆ ನೌಕರಿಯಾಯಿತು. ಸೇರುವ ಮೊದಲು ಒಬ್ಬಳೇ ಮೇಡ್ಲೇರಿ ಕಡೆಗೆ ಹೋದೆ. ಕಾಲುವೆಯ ನೀರು ಹರಿಯುವ ಗದ್ದೆಗಳ ನಡುವೆ ಅವರ ಮನೆ. ಅವಳಿಗೆ ಕಣ್ಣು ಮಂಜಾಗಿತ್ತು, ದನಿಯಿಂದ ಗುರುತಿಸಿ ಒಳಗೆ ಕರೆದಳು. ನಡುಮನೆಯ ಗೋಡೆಯ ಮೇಲೆ ಫೋಟೋ ಇತ್ತು.

ಗುಂಡು ಮುಖ, ಮೊಂಡು ಮೂಗು, ಒಂದು ಹಲ್ಲು ಸ್ವಲ್ಪ ಮುಂದಕ್ಕೆ. ನಗುತ್ತಿದ್ದಳು. ನನಗೂ ಅವಳಿಗೂ ಒಂದಿಷ್ಟೂ ಹೋಲಿಕೆ ಇರಲಿಲ್ಲ.

"ಹೋಲಂಗಿಲ್ಲಲ್ಲಾ?" ಎಂದಳು ತಾಯಿ, ನಾನು ಫೋಟೋದ ಮುಂದೆ ನಿಂತದ್ದನ್ನು ಅರಿತು. "ಮುಖ ಯಾವತ್ತೂ ಹೋಲತಿದ್ದಿಲ್ಲ. ಬೆನ್ನ ನೋಡಿ ನಾನ ಹಂಗ ಮಾಡ್ಕೊಂಡಿದ್ದೆ. ಕುಂದ್ರು, ಛಾ ಮಾಡತೇನಿ."

ಛಾ ಕುಡಿದೆ. ಗದ್ದೆಯ ಬಗ್ಗೆ, ಸೊಸೆಯ ಬಗ್ಗೆ ಮಾತಾಡಿದೆವು. ರಾಣೆಬೆನ್ನೂರಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ನನಗೆ ತಿಳಿಯಿತು: ಅಷ್ಟು ವರ್ಷ ನಾನು ಸತ್ತ ಆ ಹುಡುಗಿಗೆ ನನ್ನದೇ ಮುಖ ಕೊಟ್ಟು ಹೆದರುತ್ತಿದ್ದೆ. ಆ ಹೆದರಿಕೆ ಅಂದಿಗೆ ಮುಗಿಯಿತು. ಆದರೆ ಮುಂದೆ ಆಸ್ಪತ್ರೆಗೆ ಹೊಸದಾಗಿ ಸೇರಿದ ಹುಡುಗಿಯರು ನಗುನಗುತ್ತ ಟ್ರೇ ಹಿಡಿದು ಬರುವಾಗ, ಮುಂಚಾಚಿದ ಹಲ್ಲಿನ ಆ ಗುಂಡು ಮುಖ ಅವರ ನಡುವೆ ಎಲ್ಲೋ ಒಮ್ಮೆ ಕಾಣುತ್ತಿತ್ತು. ಈಗಲೂ ಕಾಣುತ್ತದೆ.