ಉಣ್ಣುವ ವ್ರತ

ಓಣಂ ಎಂದರೆ ವಯನಾಡಿಗೆಲ್ಲ ಬಾಳೆಲೆ ತುಂಬ ಊಟ. ನಮ್ಮಂಥ ಜೈನರ ಮನೆಯ ಪಾಡು ಬೇರೆ. ಎಷ್ಟೋ ವರ್ಷ ಓಣಂ ಬಂದು ಬೀಳುವುದು ಹತ್ತು ದಿನ ವ್ರತ-ಉಪವಾಸ ಮಾಡುವ ನಮ್ಮ ದಶಲಕ್ಷಣ ಪರ್ವದ ನಡುವೆಯೇ. ಒಂದೇ ಮನೆಯಲ್ಲಿ ಅರ್ಧ ಜನ ಪಾಯಸ ಸುರಿದುಕೊಳ್ಳುತ್ತಾರೆ, ಉಳಿದವರು ನೀರು ಕುಡಿದು ಪುಣ್ಯ ಕಟ್ಟಿಕೊಳ್ಳುತ್ತಾರೆ. ಬಚ್ಚಿಟ್ಟುಕೊಳ್ಳಲು ನನಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ.

ನನಗೆ ಊಟವೆಂದರೆ ಭಯ. ಹಸಿವಿರಲಿಲ್ಲ ಎಂದಲ್ಲ. ಅನ್ನ ಕಂಡರೆ ಮೈ ಬಿಗಿಯುತ್ತಿತ್ತು, ತಿಂದರೆ ದಿನವಿಡೀ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಬೇರೆ ಮನೆಯಾಗಿದ್ದರೆ ಯಾರಾದರೂ ಗದರುತ್ತಿದ್ದರು. ನಮ್ಮಲ್ಲಿ ಉಪವಾಸ ಎಂದ ಕೂಡಲೇ ಕೈಮುಗಿದರು. ನಾನು ಒಣಗಿದಷ್ಟೂ ನೆಂಟರ ಬಾಯಲ್ಲಿ ನನ್ನ ಭಕ್ತಿ ಕೊಬ್ಬುತ್ತ ಹೋಯಿತು.

ಕಡೆಗೊಮ್ಮೆ ಗದ್ದೆಯ ಬದುವಿನಲ್ಲಿ ತಲೆಸುತ್ತಿ ಬಿದ್ದೆ. ಅಮ್ಮ ಕಲ್ಪೆಟ್ಟದ ಡಾಕ್ಟರ ಬಳಿ ಕರೆದೊಯ್ದಳು. ಇದೊಂದು ಕಾಯಿಲೆ, ಹೊತ್ತುಹೊತ್ತಿಗೆ ಉಣ್ಣುವುದೂ ಇದರ ಮದ್ದು ಎಂದರು ಡಾಕ್ಟರು. ನನ್ನ ಭಯಕ್ಕೂ ಒಂದು ಹೆಸರಿದೆ ಎಂದು ತಿಳಿದಾಗ ನೆಮ್ಮದಿಯಿಂದ ಅತ್ತುಬಿಟ್ಟೆ. ನಿಧಾನಕ್ಕೆ ತಿನ್ನಲು ಕಲಿಯುತ್ತಿದ್ದಾಗಲೇ ಓಣಂ ಬಂತು. ನೆಂಟರು ಬರುತ್ತಾರೆ, ವ್ರತದ ಬಗ್ಗೆ ಕೇಳುತ್ತಾರೆ. ಆ ಒಂದು ಮಾತಿಗೆ ಎಲೆ ಬಿಟ್ಟು ಎದ್ದೆನೆಂದರೆ ಮತ್ತೆ ಕೂರಲಾರೆ ಎಂದು ನನಗೆ ಗೊತ್ತಿತ್ತು.

ನಮ್ಮ ಮನೆಯ ವ್ರತಗಳಿಗೆಲ್ಲ ಅಜ್ಜಿಯೇ ಯಜಮಾನಿ. ಈ ಸಲ ನಾನು ಉಪವಾಸ ಮಾಡುವಂತಿಲ್ಲ ಎಂದು ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ನಾನೇ ಹೇಳಿದೆ. ಬತ್ತಿ ಹೊಸೆಯುತ್ತಿದ್ದವಳು ತಲೆ ಎತ್ತದೆ "ಹೂಂ" ಎಂದಳು ಅಷ್ಟೇ. ಮುದುಕಿಗೆ ಅರ್ಥವಾಗಲಿಲ್ಲ ಎಂದುಕೊಂಡೆ.

ಓಣಂ ಮಧ್ಯಾಹ್ನ ಎಲೆ ಹಾಕಿದರು. ವರ್ಷವಿಡೀ ಶುಂಠಿ ಬೆಳೆದು ಮಾರುವ ನಾವು ಪರ್ವದಲ್ಲಿ ನೆಲದಡಿಯ ಗೆಡ್ಡೆಯೆಂದು ಶುಂಠಿಯನ್ನೂ ಮುಟ್ಟುವುದಿಲ್ಲ. ಗೆಡ್ಡೆಯಿಲ್ಲದ ನಮ್ಮ ಅವಿಯಲ್ ನೋಡಿ ಪಕ್ಕದ ಮನೆಯವರು ಈಗಲೂ ನಗುತ್ತಾರೆ. ಪನಮರದಿಂದ ಬಂದಿದ್ದ ದೊಡ್ಡಮ್ಮ ಎದುರಿನ ಸಾಲಿನಿಂದಲೇ ಮಲಯಾಳಂ ಬೆರೆಸಿ ಕೂಗಿದಳು.

"ಏನು ಮೋಳೇ, ಈ ಸಲ ವ್ರತ ಇಲ್ವಾ?"

ಎಲ್ಲರೂ ನನ್ನತ್ತ ತಿರುಗಿದರು. ನನ್ನ ಕೈ ಎಲೆಯಿಂದ ಹಿಂದೆ ಸರಿಯಿತು. ಅಷ್ಟರಲ್ಲಿ, ಅಂದು ಪೂರ್ತಿ ಉಪವಾಸವಿದ್ದ ಅಜ್ಜಿ ಎಲೆಯಿಲ್ಲದೆಯೇ ಬಂದು ನನ್ನ ಪಕ್ಕ ಕುಳಿತಳು.

"ಇಲ್ಲ ಅಂತ ಯಾರು ಹೇಳಿದ್ದು? ಉಪವಾಸ ನಂಗೆ ಸುಲಭ, ನಾ ಮಾಡ್ತೀನಿ. ಉಣ್ಣೋದು ಇವಳಿಗೆ ಕಷ್ಟ. ಈ ಸಲ ಇವಳದ್ದು ಉಣ್ಣೋ ವ್ರತ. ವ್ರತಕ್ಕೆ ಕೂತೋರನ್ನ ಮಾತಾಡಿಸ್ಬಾರ್ದು, ಗೊತ್ತಿಲ್ವಾ? ನೀ ಪಾಯಸ ಕುಡಿ."

ದೊಡ್ಡಮ್ಮ ಪಾಯಸದತ್ತ ಬಗ್ಗಿದಳು. ಆಮೇಲೆ ಯಾರೂ ನನ್ನನ್ನು ನೋಡಲಿಲ್ಲ, ಬಲವಂತವಾಗಿ ಬಡಿಸಲೂ ಇಲ್ಲ. ಅನ್ನ, ತೊವ್ವೆ, ಅರ್ಧ ಹಪ್ಪಳ ತಿಂದೆ. ಪಾಯಸ ಆಗಲಿಲ್ಲ, ಬಿಟ್ಟೆ. ಎಲೆ ಮಡಿಸುವಾಗ ಎದೆಯ ಮೇಲಿದ್ದ ಕಲ್ಲು ಇಳಿದಂತಿತ್ತು.

ಪರ್ವ ಮುಗಿದ ಮರುದಿನ ಪಾರಣೆ, ವ್ರತ ಮಾಡಿದವರಿಗೆ ಮನೆಯವರು ಕೈಯಾರೆ ಮೊದಲ ತುತ್ತು ಕೊಡುವ ದಿನ. ಕೊನೆಯ ದಿನವೂ ಉಪವಾಸವಿದ್ದ ಅಜ್ಜಿ ತನ್ನ ಪಕ್ಕದ ಮಣೆ ತಟ್ಟಿ ನನ್ನನ್ನು ಕೂರಿಸಿಕೊಂಡಳು. ಅಮ್ಮ ಗಂಜಿಯ ಚಮಚ ಹಿಡಿದರೆ ಅಜ್ಜಿ ಬಾಯಿ ತೆರೆಯಲಿಲ್ಲ.

"ಮೊದ್ಲು ಅವಳಿಗೆ. ಅವಳದ್ದು ನಂದಕ್ಕಿಂತ ದೊಡ್ಡ ವ್ರತ."

ಅಮ್ಮನ ಕೈ ನನ್ನತ್ತ ತಿರುಗಿತು. ಹಸಿದ ಮುದುಕಿಯನ್ನು ಕಾಯಿಸಬಾರದೆಂಬ ಅವಸರದಲ್ಲಿ ಹೆದರುವುದನ್ನೇ ಮರೆತು ನುಂಗಿದೆ.