ಮೂರು ಕಾಟಾಗಳಿಗೆ ಒಂದೇ ಕಾವಲು

ಬೆಳಗಿನ ಐದೂವರೆ. ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ಅದಿರು ಲಾರಿಗಳು ಆಗಲೇ ಸಾಲುಗಟ್ಟಿವೆ. ಟೈರ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಗುಲ್ನಾಜ್ ಕೀಲಿಮಣೆಯ ಕೆಂಪು ದೂಳನ್ನು ದುಪಟ್ಟಾದ ಅಂಚಿನಿಂದ ಒರೆಸುತ್ತಾರೆ. ಚಹಾ ಬಂದು ಕಾಲು ಗಂಟೆಯಾದರೂ ಮುಟ್ಟಿಲ್ಲ. ಇವತ್ತು ಅವರೊಂದು ಗುಂಡಿ ಒತ್ತಬೇಕು. ಹೋದ ವಾರ ಇದೇ ಗುಂಡಿ ಒತ್ತಿದಾಗ ಮೂರು ಊರಿನ ಕಾಟಾಗಳು ಒಟ್ಟಿಗೇ ಕೈಕೊಟ್ಟಿದ್ದವು.

ಕಾಟಾ ಅಂದರೆ ಲಾರಿ ತೂಗುವ ಕಬ್ಬಿಣದ ಹಾಸು; ಅದರ ತೂಕದ ಚೀಟಿ ಇಲ್ಲದೆ ಲಾರಿ ಮುಂದೆ ಹೋಗುವಂತಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಒಂದೊಂದರಂತೆ ಮೂರಕ್ಕೂ ದೊಡ್ಡಬಸಪ್ಪನವರೇ ಮಾಲೀಕರು. ಎಲ್ಲ ಸೇರಿ ದಿನಕ್ಕೆ ಆರುನೂರು ಲಾರಿ. ಅದಿರಿನ ಭರಾಟೆಯಲ್ಲಿ ಭತ್ತದ ಲಾರಿಗೂ ಜಾಗ ಸಿಕ್ಕರೆ ಅದೃಷ್ಟ. ತೂಕದ ಪ್ರೋಗ್ರಾಂ ಮಾತ್ರ ಊರಿಗೊಂದು. ಬಳ್ಳಾರಿಯದನ್ನು ಜಾವಾದಲ್ಲಿ, ಸಿರುಗುಪ್ಪದ್ದನ್ನು ಪೈಥಾನ್‌ನಲ್ಲಿ, ಕುರುಗೋಡಿನದನ್ನು ರೂಬಿಯಲ್ಲಿ ಯಾರು ಯಾರೋ ಬರೆದು ಕೈತೊಳೆದುಕೊಂಡಿದ್ದಾರೆ. ಮೂರು ಭಾಷೆಯಾದರೂ ಓಡುವುದು ಈ ಕೋಣೆಯ ಒಂದೇ ವರ್ಚುವಲ್ ಮಷೀನಿನ, ಅಂದರೆ ಮೂರೂ ಭಾಷೆ ಅರಿತು ನಡೆಸುವ ಒಂದೇ ತಂತ್ರಾಂಶದ ಮೇಲೆ. ಅದನ್ನು ಕಾಯುವವರು ಇಲ್ಲಿನ ಪಾಲಿಟೆಕ್ನಿಕ್‌ನಲ್ಲಿ ಓದಿದ, ಕೌಲ್ ಬಜಾರಿನ ಗುಲ್ನಾಜ್.

ಕಳೆದ ವರ್ಷ ಅವರ ತಮ್ಮ ಮುಬಶೀರ್ ಓಡಿಸುತ್ತಿದ್ದ ಲಾರಿಯ ಆಕ್ಸಲ್ ಇಳಿಜಾರಿನಲ್ಲಿ ಮುರಿಯಿತು. ಇಪ್ಪತ್ತೈದು ಟನ್ ದಾಟಬಾರದ ಗಾಡಿಯಲ್ಲಿ ಮೂವತ್ತನಾಲ್ಕು ಟನ್ ಇತ್ತು. ಹಾರಿಕೊಂಡವನಿಗೆ ಕೈ ಮುರಿಯಿತು, ಜೀವ ಉಳಿಯಿತು. ಅಷ್ಟು ತೂಕಕ್ಕೆ ಚೀಟಿ ಕೊಟ್ಟವರು ಯಾರೆಂದು ಪೊಲೀಸರು ಹುಡುಕಿಕೊಂಡು ಬಂದರು. ಕೊಟ್ಟದ್ದು ಗುಲ್ನಾಜ್ ದಿನಾ ಒರೆಸಿ ಜೋಪಾನ ಮಾಡುವ ಇದೇ ಕಂಪ್ಯೂಟರು. ಆ ಸಂಕಟ ಅವರನ್ನು ಇಂದಿಗೂ ಬಿಟ್ಟಿಲ್ಲ.

ತೂಕ ಮೀರಿದ ಗಾಡಿಗೆ ಚೀಟಿ ಕೊಡಬಾರದು ಎಂಬ ನಿಯಮ ಹಾಕಲು ದೊಡ್ಡಬಸಪ್ಪ ಒಪ್ಪಿದರು. ಆದರೆ ಓಡುತ್ತಿರುವ ಪ್ರೋಗ್ರಾಂಗಳ ಒಂದಕ್ಷರವನ್ನೂ ಮುಟ್ಟಕೂಡದು ಎಂದರು. ಆಗ ಗುಲ್ನಾಜ್ ಹಿಡಿದದ್ದು ಆಸ್ಪೆಕ್ಟ್ ಎಂಬ ದಾರಿ. ನಿಯಮವನ್ನು ಹೊರಗೆ ಒಂದೇ ಸಲ ಬರೆಯುವುದು, ಮಷೀನು ಅದನ್ನು ಮೂರೂ ಪ್ರೋಗ್ರಾಂಗಳಲ್ಲಿ ಬೇಕಾದ ಕಡೆ ತಾನೇ ಹೆಣೆದುಕೊಳ್ಳುವುದು.

"ಸಾರು ಮಾಡಿದೋರು ಒಬ್ರು, ಪಲ್ಯ ಮಾಡಿದೋರು ಒಬ್ರು, ಚಟ್ನಿ ಅರದೋರು ಇನ್ನೊಬ್ರು. ಅವರ ಅಡಿಗಿ ನಾನು ಕೆಡಸಂಗಿಲ್ರಿ. ಒಲಿ ಒಂದೇ ಐತಲ್ಲ, ಎಲ್ಲದಕ್ಕೂ ಒಗ್ಗರಣಿ ಮಾತ್ರ ನಂದು" ಎಂದು ನಗುತ್ತಾರೆ.

ಹೋದ ವಾರ ಆ ಒಗ್ಗರಣೆಯೇ ಸೀದುಹೋಯಿತು. ಕಾಟಾದ ತೂಕ ಯಾರೇ ಕೇಳಲಿ, ಮೊದಲು ತಡೆದು ಪರೀಕ್ಷಿಸು ಎಂದು ನಿಯಮಕ್ಕೆ ಹೇಳಿದ್ದರು. ಪರೀಕ್ಷಿಸಬೇಕೆಂದರೆ ನಿಯಮವೂ ಕಾಟಾವನ್ನು ತೂಕ ಕೇಳಬೇಕು! ಕೇಳಹೋದ ನಿಯಮವನ್ನು ಅದೇ ನಿಯಮ ತಡೆಯಿತು. ಅದನ್ನು ಪರೀಕ್ಷಿಸಲು ಮತ್ತೆ ಕೇಳಿತು, ಮತ್ತೆ ತಡೆಯಿತು. ಕಾವಲುಗಾರ ತನ್ನ ಕೊರಳಪಟ್ಟಿಯನ್ನೇ ಹಿಡಿದು ನಿಂತಂತಾಯಿತು. ನಿಯಮವನ್ನು ಹೊರತೆಗೆಯುವವರೆಗೆ ಎರಡು ಗಂಟೆ ಮೂರೂ ಊರಲ್ಲಿ ಚೀಟಿ ಇಲ್ಲ. ಲಾರಿ ಸಾಲು ಪಕ್ಕದ ಊರು ಕೊಳಗಲ್ಲಿನವರೆಗೆ ಬೆಳೆಯಿತು, ಬೈಗುಳ ಅದಕ್ಕಿಂತ ಉದ್ದ.

"ಇನ್ನೊಮ್ಮಿ ಹಿಂಗಾತಂದ್ರ ಆ ರೂಲ್ ಕಿತ್ತು ಬಿಸಾಕ್ತೀನಮ್ಮ" ಎಂದಿದ್ದರು ದೊಡ್ಡಬಸಪ್ಪ. ಮುರಿದ ಕೈ ಕೂಡಿಕೊಂಡ ಮುಬಶೀರ್ ಮತ್ತೆ ಅದೇ ಇಳಿಜಾರಿನಲ್ಲಿ ಲಾರಿ ಓಡಿಸುತ್ತಿದ್ದಾನೆ. ನಿಯಮ ಬಾರದಿದ್ದರೆ ಮೂವತ್ತನಾಲ್ಕು ಟನ್ ಹೇರುವುದು ನಿಲ್ಲುವುದಿಲ್ಲ. ನಿಯಮ ತನ್ನನ್ನು ತಾನು ತಡೆಯಬಾರದು ಎಂಬ ಒಂದು ಸಾಲು ಸೇರಿಸಲು ಗುಲ್ನಾಜ್ ವಾರವಿಡೀ ಒದ್ದಾಡಿದ್ದಾರೆ.

ಆರು ಗಂಟೆಗೆ ಗುಂಡಿ ಒತ್ತುತ್ತಾರೆ. ಬಳ್ಳಾರಿಯ ಚೀಟಿ ಬರುತ್ತದೆ. ಸಿರುಗುಪ್ಪದ ಭತ್ತದ ಲಾರಿಗೂ ಬರುತ್ತದೆ. ಕುರುಗೋಡಿನದು ಮಾತ್ರ ಇಲ್ಲ. ಐದು ನಿಮಿಷ, ಹತ್ತು ನಿಮಿಷ. ಅಲ್ಲಿನ ಕಾಟಾ ನೋಡಿಕೊಳ್ಳುವ ಪಕ್ಕೀರಮ್ಮ ಫೋನ್ ಎತ್ತುತ್ತಿಲ್ಲ. ಬಾಗಿಲಲ್ಲಿ ನಿಂತ ದೊಡ್ಡಬಸಪ್ಪ ಗಡಿಯಾರ ನೋಡುತ್ತಾರೆ. ಗುಲ್ನಾಜ್ ಮತ್ತೆ ಮತ್ತೆ ಅದೇ ನಂಬರ್ ಒತ್ತುತ್ತಾರೆ.

ಕೊನೆಗೆ ಪಕ್ಕೀರಮ್ಮನೇ ಫೋನ್ ಮಾಡುತ್ತಾರೆ. "ಯವ್ವಾ, ಕಾಟಾ ಚಲೋ ಐತಿ! ಮೂವತ್ತೊಂದು ಟನ್ ಗಾಡಿ ಮ್ಯಾಲೆ ನಿಂತೈತಿ, ಮಷೀನು ಚೀಟಿ ಕೊಡವಲ್ದು. ಡ್ರೈವರ್ ಆರು ಟನ್ ಇಳಸಾಕ ಹತ್ಯಾನ. ನಾನೂ ಅಲ್ಲೇ ನಿಂತಿದ್ದೆ, ಫೋನ್ ಎತ್ತಾಕ ಆಗ್ಲಿಲ್ಲ."

ಗುಲ್ನಾಜ್ ಮೇಜಿಗೆ ಹಣೆ ಹಚ್ಚಿ ನಗುತ್ತಾರೆ. ಕಣ್ಣಲ್ಲಿ ನೀರೂ ಬಂದಿದೆ. "ಹಂಗಾರ ಇರಲಿ ಬಿಡಮ್ಮ ನಿನ್ನ ರೂಲು" ಎನ್ನುತ್ತ ದೊಡ್ಡಬಸಪ್ಪ ಆರಿದ ಚಹಾವನ್ನು ತಾವೇ ಕುಡಿದು ಕೆಳಗಿಳಿಯುತ್ತಾರೆ.

ಹತ್ತರ ಹೊತ್ತಿಗೆ ಮುಬಶೀರ್ ಫೋನು. "ಆಪಾ, ಇವತ್ತು ಇಪ್ಪತ್ತೈದೇ ಟನ್ ಲೋಡು, ಇಳಿಜಾರಿನಾಗ ಬ್ರೇಕ್ ಒತ್ತಿದ್ ಕೂಡ್ಲೆ ಗಾಡಿ ನಿಂತಿತು. ಹಿಂಗ ನಿಂತು ಎಷ್ಟು ದಿನಾ ಆಗಿತ್ತು ನೋಡು!"

ಹೆಸರು ಪತ್ರಿಕೆಯಲ್ಲಿ ಬಂದರೆ ಖುಷಿಯೇ ಎಂದು ಕೇಳಿದರೆ ಗುಲ್ನಾಜ್ ನಾಚುತ್ತಾರೆ. "ನನ್ನ ಹೆಸರು ಯಾಕ್ರಿ? ಡ್ರೈವರ್‌ಗಳು ಗಾಡಿ ಮಾಲೀಕರ ಮುಂದ ಒಲ್ಲೆ ಅನ್ನಂಗಿರ್ಲಿಲ್ಲ. ಅಂದ್ರ ಕೆಲಸ ಹೋಗ್ತಿತ್ತು. ಈಗ ಅವರ ಬದ್ಲಿ ನಾನು ಒಲ್ಲೆ ಅಂತೀನಿ, ಮೂರೂ ಊರಾಗ."